ಐದರ ಗಾಡಿ, ಏಳರ ಗಾಡಿ

ಕ್ರೂಸರ್ ಗಾಡಿಯ ಹಿಂಭಾಗದಲ್ಲಿ ಸೀಟುಗಳು ಎದುರುಬದುರು ಇರುತ್ತವೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಇಕ್ಕಟ್ಟು. ಅಂಥದರಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಒಂದು ತಾಸು ಕುಳಿತಿರುವುದು ಸುಲಭವಲ್ಲ. ಆದರೂ ಆ ಚಳಿಗಾಲದಲ್ಲಿ ಕೆಲವು ವಾರ ನಾವು ಹಾಗೇ ಕುಳಿತು ಗೋಕಾಕದಿಂದ ಹುಕ್ಕೇರಿಗೆ ಹೋಗಿ ಬಂದೆವು. ಕಿಟಕಿಯಾಚೆಯ ಕಬ್ಬು ನೋಡುತ್ತ, ಒಳಗೊಳಗೇ ಉಳಿದವರಲ್ಲಿ ಯಾರಿರಬಹುದು ಎಂದು ಲೆಕ್ಕ ಹಾಕುತ್ತ.

ನಾನು ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಮನೆ ಗೋಕಾಕದಲ್ಲಿ. ಗಂಡನದು ಪೇಟೆಯಲ್ಲಿ ಪಾತ್ರೆ ಅಂಗಡಿ. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅತ್ತೆ ನಾನು ಬರುವವರೆಗೆ ಉಣ್ಣುವುದಿಲ್ಲ, ಹೊತ್ತು ಮುಳುಗಿದ ಮೇಲಂತೂ ಉಣ್ಣುವುದೇ ಇಲ್ಲ. ಹಾಗಾಗಿ ನಾನು ತಡವಾದ ದಿನ ಅವರು ಉಪವಾಸ. ಅದಕ್ಕಾಗಿ ಒಂದು ಮಾತು ಆಡಿದವರಲ್ಲ. ಆದರೆ ಅವತ್ತಿನ ಪಲ್ಯದ ಪಾತ್ರೆಯನ್ನು ಮುಚ್ಚಿ, ಮರುದಿನ ಮುಂಜಾನೆ ನಾನೇ ನೋಡುವ ಹಾಗೆ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದರು.

ಬಸ್ಸನ್ನು ನಂಬಿದರೆ ಆಗುವ ಕೆಲಸವಲ್ಲವೆಂದು ನೌಕರಿಯ ಹೆಣ್ಣುಮಕ್ಕಳು ಏಳೆಂಟು ಜನ ಸೇರಿ ಗಾಡಿ ಗೊತ್ತು ಮಾಡಿಕೊಂಡಿದ್ದೆವು. ಡ್ರೈವರ್ ಮೇಲವಂಕಿಯವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು; ಅವನೂ ಅವನ ತಮ್ಮನೂ ಒಂದೊಂದು ಕ್ರೂಸರ್ ಇಟ್ಟಿದ್ದರು. ಮುಂಜಾನೆ ಗಾಡಿ ಮೂಡಲಗಿಯಿಂದ ಹೊರಡುತ್ತಿತ್ತು. ಅಲ್ಲಿ ಹತ್ತುತ್ತಿದ್ದವರು ಹುಕ್ಕೇರಿಯ ಆಸ್ಪತ್ರೆಯ ನರ್ಸ್. ನಾವೆಲ್ಲ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿದ್ದೆವು. ವಯಸ್ಸಿನಲ್ಲಿ ನಮಗೆಲ್ಲ ಹಿರಿಯರು, ಮಾತಿನಲ್ಲಿ ಇನ್ನೂ ಹಿರಿಯರು. ಗೋಕಾಕದಲ್ಲಿ ನಾವು ಉಳಿದವರು ಹತ್ತುತ್ತಿದ್ದೆವು. ನಮ್ಮಲ್ಲಿ ಇಬ್ಬರು ಹುಕ್ಕೇರಿ ದಾಟಿ ಸಂಕೇಶ್ವರದವರೆಗೆ ಹೋಗುವವರು. ಒಬ್ಬಳು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳುವ ಟೀಚರ್, ಮಮದಾಪುರದ ಒಕ್ಕಲು ಮನೆಯಿಂದ ಗೋಕಾಕಕ್ಕೆ ಸೊಸೆಯಾಗಿ ಬಂದವಳು. ಇನ್ನೊಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುವ, ಹೆಚ್ಚು ಮಾತಾಡದ ಹೆಣ್ಣುಮಗಳು.

ಮರಳುವಾಗಲೇ ಫಜೀತಿ. ಅಣ್ಣನ ಗಾಡಿ ಐದಕ್ಕೆ ಹುಕ್ಕೇರಿ ಬಿಡುತ್ತಿತ್ತು, ತಮ್ಮನದು ಏಳಕ್ಕೆ. ಎರಡೂ ಮೊದಲು ಸಂಕೇಶ್ವರದವರನ್ನು ಹತ್ತಿಸಿಕೊಂಡು ಬರುತ್ತಿದ್ದವು. ಏಳರ ಗಾಡಿ ಓಡಬೇಕೆಂದರೆ ಕನಿಷ್ಠ ಮೂರು ಜನ ಇರಬೇಕು. ಯಾರು ಯಾವುದಕ್ಕೆ ಎಂಬುದು ಫೋನಿನ ಗುಂಪಿನಲ್ಲಿ ತೀರ್ಮಾನವಾಗುತ್ತಿತ್ತು. "ನಾ ಐದಕ್ಕ", "ಆಕಿ ಬಂದ್ರ ನಾನೂ ಏಳಕ್ಕ", "ಆಕಿ ಯಾವಾಗ ಹೊಂಟಾಳ?" ಎಂದು ಮಧ್ಯಾಹ್ನದಿಂದ ಶುರುವಾದ ಮಾತು ಗಾಡಿ ಹೊರಟರೂ ಮುಗಿಯುತ್ತಿರಲಿಲ್ಲ. ಒಂದು ದಿನ ಬ್ಯಾಂಕಿನ ಹೆಣ್ಣುಮಗಳನ್ನು ಎರಡೂ ಗಾಡಿಯವರು ಬಿಟ್ಟು ಬಂದರು. ಐದರವರು ಆಕೆ ಏಳರಲ್ಲಿದ್ದಾಳೆಂದುಕೊಂಡರು, ಏಳರವರು ಐದರಲ್ಲಿ ಹೋಗಿದ್ದಾಳೆಂದುಕೊಂಡರು. ಆಕೆ ಹಿರಣ್ಯಕೇಶಿಯ ಸೇತುವೆಯ ಹತ್ತಿರ ಕತ್ತಲಲ್ಲಿ ನಿಂತು ನಿಂತು, ಕಡೆಗೆ ಕೊಲ್ಲಾಪುರದ ಕಡೆಯಿಂದ ಬಂದ ಬಸ್ಸು ಹತ್ತಿ ಊರು ಸೇರಿದರು. ಮರುದಿನ ಜಗಳವಾಡಲಿಲ್ಲ. ತಮ್ಮ ಜಾಗದಲ್ಲಿ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು, ಅಷ್ಟೆ.

"ಮೇಡಮ್ಮಾರ, ನೀವು ಕಂಪ್ಯೂಟರ್ ಕಲಸ್ತೀರಿ. ಈ ಗದ್ದಲಕ್ಕ ಏನಾರ ಮಾಡ್ರಿ," ಎಂದರು ನರ್ಸಬಾಯಿ.

ಡೇಟಾಬೇಸ್ ಪಾಠಕ್ಕೆ ನಾನು ವರ್ಷ ವರ್ಷವೂ ಅದೇ ಉದಾಹರಣೆ ಕೊಡುತ್ತ ಬಂದವಳು: ಗ್ರಂಥಾಲಯದ ಪುಸ್ತಕ, ವಿದ್ಯಾರ್ಥಿಗಳ ಅಂಕ. ಅವು ತಮ್ಮ ಪಾಡಿಗೆ ತಾವಿರುತ್ತವೆ. ಒಂದು ಪುಸ್ತಕ ಇನ್ನೊಂದು ಪುಸ್ತಕ ಹೋದರೆ ಮಾತ್ರ ತಾನೂ ಹೋಗುತ್ತೇನೆ ಎನ್ನುವುದಿಲ್ಲ. ಇಲ್ಲಿ ಹಾಗಲ್ಲ, ಒಬ್ಬಳ ಸಂಜೆ ಇನ್ನೊಬ್ಬಳ ಸಂಜೆಗೆ ಗಂಟು ಬಿದ್ದಿತ್ತು. ನಾನು ಮಾಡಿದ್ದು ಇಷ್ಟು: ಪ್ರತಿಯೊಬ್ಬಳೂ ಮಧ್ಯಾಹ್ನದೊಳಗೆ ತನ್ನ ಫೋನಿನಲ್ಲಿ ತನಗೆ ಯಾವ ಗಾಡಿ ಬೇಕು, ಯಾರ ಜೊತೆಗಾದರೆ ಬೇಕು ಎಂದು ಬರೆಯಬೇಕು; ಆಮೇಲೆ ಬದಲಿಸುವುದಿದ್ದರೆ ಗಾಡಿ ಬರುವವರೆಗೂ ಬದಲಿಸಬಹುದು. ಡೇಟಾಬೇಸ್ ಎಲ್ಲರ ಮಾತನ್ನೂ ಒಟ್ಟಿಗೆ ನೋಡಿ, ಎಲ್ಲರಿಗೂ ಹೊಂದುವ ಒಂದು ಯೋಜನೆ ಹುಡುಕುತ್ತದೆ. ಒಬ್ಬರಿಗೊಬ್ಬರು ಗಂಟು ಹಾಕಿಕೊಂಡವರು ಹೋದರೆ ಇಬ್ಬರೂ ಹೋಗುತ್ತಾರೆ, ಇಲ್ಲವಾದರೆ ಇಬ್ಬರೂ ಇಲ್ಲ. ಒಬ್ಬಳು ಗಾಡಿಯಲ್ಲಿ, ಇನ್ನೊಬ್ಬಳು ಸೇತುವೆಯ ಮೇಲೆ ಎಂಬುದು ಆಗಬಾರದು. ಉಳಿದ ಒಂದೇ ಸೀಟಿಗೆ ಇಬ್ಬರು ಒಮ್ಮೆಲೇ ಕೈಹಾಕಿದರೆ ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರನ್ನು ತಡೆದು ನಿಲ್ಲಿಸುತ್ತದೆ. ಕೊನೆಯ ಯೋಜನೆ ಎಲ್ಲರಿಗೂ ಕಾಣುತ್ತದೆ. ಯಾರು ಯಾರ ಮೇಲೆ ಷರತ್ತು ಹಾಕಿದ್ದಾರೆ ಎಂಬುದು ಮಾತ್ರ ನನಗೊಬ್ಬಳಿಗೇ ಕಾಣುತ್ತದೆ, ಏಕೆಂದರೆ ಗಂಟು ಬಿಡಿಸಲು ಬಾರದೆ ಯೋಜನೆ ನಿಂತರೆ ನಾನೇ ಕೈಹಾಕಿ ಸರಿಮಾಡಬೇಕಿತ್ತು.

ಇದೆಲ್ಲ ಓಡಲು ಸದಾ ಚಾಲೂ ಇರುವ ಒಂದು ಕಂಪ್ಯೂಟರ್ ಬೇಕು. ಮನೆಯಲ್ಲಿ ಕರೆಂಟಿನ ಭರವಸೆ ಇರಲಿಲ್ಲ. ಅಂಗಡಿಯಲ್ಲಿ ಇನ್ವರ್ಟರ್ ಇತ್ತು. ಗಂಡನ ಹಳೆಯ ಬಿಲ್ಲಿನ ಕಂಪ್ಯೂಟರಿನಲ್ಲೇ ಹಾಕಿದೆ. "ನಂದೇನೂ ಅಡ್ಡಿಯಿಲ್ಲ, ಬಾಜೂಕ ಇರಲಿ," ಎಂದರು ಅವರು.

ಕೆಲವು ತಿಂಗಳು ಎಲ್ಲ ಸುಸೂತ್ರ ನಡೆಯಿತು. ಯಾರನ್ನೂ ಬಿಟ್ಟು ಬರಲಿಲ್ಲ. ಡ್ರೈವರ್‌ ಕೂಡ ಖುಷಿಯಾಗಿದ್ದ. ಅವನ ಫೋನಿಗೆ ಐದಕ್ಕೆ ಎಷ್ಟು ಜನ, ಏಳಕ್ಕೆ ಎಷ್ಟು ಜನ ಎಂಬ ಸಂಖ್ಯೆ ಮಾತ್ರ ಹೋಗುತ್ತಿತ್ತು. "ಮೊದಲ ಎಂಟ ಮಂದಿ ಫೋನ್ ಹಚ್ಚತಿದ್ರಿ. ಈಗ ಒಬ್ರೂ ಹಚ್ಚೂದಿಲ್ಲ. ಬ್ಯಾಸರಾಕ್ಕೈತಿ," ಎಂದು ನಗುತ್ತಿದ್ದ.

ಸಂಶಯ ಮೊದಲು ಹುಟ್ಟಿದ್ದು ನನ್ನಲ್ಲೇ. ಮಂಗಳವಾರ ಮತ್ತು ಶುಕ್ರವಾರ ಗಣಿತದ ಟೀಚರ್ ಹೀಗೆ ಬರೆಯುತ್ತಿದ್ದಳು: ಏಳರ ಗಾಡಿ, ನರ್ಸಬಾಯಿ ಇದ್ದರೆ ಮಾತ್ರ. ಅದೇ ದಿನ ನರ್ಸಬಾಯಿ ಬರೆಯುತ್ತಿದ್ದರು: ಏಳರ ಗಾಡಿ, ಟೀಚರ್ ಇದ್ದರೆ ಮಾತ್ರ. ಒಬ್ಬರ ಕೈ ಒಬ್ಬರು ಹಿಡಿದುಕೊಂಡ ಹಾಗೆ. ಟೀಚರಳ ಶಾಲೆ ನಾಲ್ಕೂವರೆಗೇ ಬಿಡುತ್ತದೆ, ನರ್ಸಬಾಯಿಯ ಡ್ಯೂಟಿ ನಾಲ್ಕಕ್ಕೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಮತ್ತೆ ಏಳರವರೆಗೆ ಇವಳು ಸಂಕೇಶ್ವರದಲ್ಲಿ, ಅವರು ಹುಕ್ಕೇರಿಯಲ್ಲಿ, ಏನು ಮಾಡುತ್ತಾರೆ? ಬ್ಯಾಂಕಿನ ಹೆಣ್ಣುಮಗಳು ಯಾವಾಗಲೂ "ಯಾವುದಾದರೂ ನಡೆಯುತ್ತದೆ" ಎಂದು ಬರೆಯುತ್ತಿದ್ದರು. ಹಾಗಾಗಿ ಆ ಎರಡು ದಿನ ಮೂರನೆಯವರಾಗಿ ಅವರು ಏಳರ ಗಾಡಿಗೆ ಬಂದು ಬೀಳುತ್ತಿದ್ದರು. ಮೂವರೂ ಸೇರಿ ಏನನ್ನೋ ನಡೆಸಿದ್ದಾರೆ ಎಂದು ನನಗೆ ಅನ್ನಿಸತೊಡಗಿತು. ಟೀಚರ್ ನೋಡಲು ಚೆಂದ, ವಯಸ್ಸು ಮೂವತ್ತು ದಾಟಿಲ್ಲ. ನನ್ನ ತಲೆಯಲ್ಲಿ ಎಂಥ ವಿಚಾರ ಬಂದಿರಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಐದರ ಗಾಡಿಯಲ್ಲಿ ಕುಳಿತು ಹೊತ್ತು ಮುಳುಗುವುದನ್ನೇ ನೋಡುತ್ತ ಬರುವಾಗ ಆ ವಿಚಾರವೇ ನನಗೆ ಜೊತೆ.

ಕಬ್ಬಿನ ಸೀಜನ್ ಜೋರಾಗಿದ್ದಾಗ ಒಂದು ಬುಧವಾರ ಮುಂಜಾನೆ ಟೀಚರ್ ಗಾಡಿ ಹತ್ತಿದವಳೇ ಬಾಗಿಲು ಹಾಕುವ ಮೊದಲೇ ಕೇಳಿದಳು.

"ನಿನ್ನಿ ನಾ ಐದರಿಂದ ಏಳಕ್ಕ ಬದಲಿ ಮಾಡ್ಕೊಂಡಿದ್ದು ನಮ್ಮ ಮನಿಯವರಿಗೆ ಯಾರ ಹೇಳಿದ್ರಿ?"

ಗಾಡಿ ಪೇಟೆ ದಾಟಿ ಘಟಪ್ರಭಾದ ರಸ್ತೆಗೆ ಬಿತ್ತು.

"ಸರ್ಕಲ್‌ನ್ಯಾಗ ಬೈಕ್ ತೊಗೊಂಡ ನಿಂತಿದ್ರು. ಮನಿಗೆ ಹೋದ ಮ್ಯಾಲ ಕೇಳಿದ್ರು, ಮಧ್ಯಾಹ್ನದ ಮಟಾ ಐದಕ್ಕ ಇದ್ದಾಕಿ ಯಾಕ ಏಳಕ್ಕ ಬದಲಿ ಮಾಡಿದಿ ಅಂತ. ನಾ ಅವರಿಗೆ ಐದೂ ಹೇಳಿಲ್ಲ, ಏಳೂ ಹೇಳಿಲ್ಲ. ಮೂರ ಗಂಟೆಕ್ಕ ಬದಲಿ ಆತು ಅಂತ ಅವರಿಗೆ ಹ್ಯಾಂಗ ಗೊತ್ತಾತು?"

ನರ್ಸಬಾಯಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು. ನನ್ನ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು. "ಇದರಾಗಿದ್ದವರ ಯಾರೋ ಹೇಳ್ಯಾರ," ಎಂದರು. "ಗಾಡಿಗೆ ಬಾಯಿಲ್ಲ."

ನಾನು ಕಾಲೇಜಿಗೆ ಹೋದವಳೇ ಪಾಠ ಶುರುವಾಗುವ ಮೊದಲು ಡೇಟಾಬೇಸ್ ತೆಗೆದೆ. ಯಾರು ಯಾವಾಗ ಯೋಜನೆಯನ್ನು ತೆರೆದು ನೋಡಿದರು ಎಂಬುದು ಅದರಲ್ಲಿ ಉಳಿಯುತ್ತಿತ್ತು. ಬೇರೆಯವರೆಲ್ಲ ದಿನಕ್ಕೆ ಒಂದೆರಡು ಸಲ ನೋಡಿದ್ದರೆ ಬ್ಯಾಂಕಿನ ಹೆಣ್ಣುಮಗಳು ಮತ್ತೆ ಮತ್ತೆ ತೆರೆದಿದ್ದರು. ಊಟದ ಹೊತ್ತಿಗೆ, ಮೂರಕ್ಕೆ, ನಾಲ್ಕಕ್ಕೆ, ಗಾಡಿ ಬರುವ ತುಸು ಮುಂಚೆ. ಇಷ್ಟು ಸಲ ನೋಡುವಂಥದು ಏನಿದೆ? ಸಿಕ್ಕರು ಎಂದುಕೊಂಡೆ. ಮಾತಾಡದವರ ಹೊಟ್ಟೆಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು.

ಮಧ್ಯಾಹ್ನ ಆಸ್ಪತ್ರೆಗೇ ಹೋಗಿ ನರ್ಸಬಾಯಿಗೆ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕೇಳಿಸಿಕೊಂಡರು.

"ಹಂಗಿದ್ರ ಒಂದ ಕೆಲಸ ಮಾಡ್ರಿ. ಆಕಿ ಫೋನಿನ್ಯಾಗಷ್ಟ ಸುಳ್ಳ ತೋರಸ್ರಿ. ಟೀಚರ್ ಏಳಕ್ಕ ಅಂತ ಹಾಕ್ರಿ, ಖರೇನ ಐದಕ್ಕ ಕರಕೊಂಡ ಬರೂಣು. ಆ ಗಂಡ ಏಳಕ್ಕ ಬಂದ ನಿಂತಾ ಅಂದ್ರ ಆಕಿನ ಅಂತ ಗೊತ್ತಾಕ್ಕೈತಿ."

"ಒಮ್ಮೆ ಸುಳ್ಳು ಹಾಕಿದ್ರ ನಾಳೆ ನೀವು ಅದನ್ನ ನಂಬಿ ರಸ್ತೇಕ ಬಂದು ನಿಲ್ತೀರೇನ್ರಿ?" ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಹೀಗೆ ಹಿಂಜರಿಯುತ್ತಾಳಲ್ಲ, ಇವಳದೇ ಏನಾದರೂ ಇದೆಯೋ ಎಂದು ಅವರು ಆ ಹೊತ್ತಿನಲ್ಲಿ ಯೋಚಿಸಿದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸುಳ್ಳು ಹಾಕುವ ಬದಲು ಬಾಗಿಲು ಮುಚ್ಚಿದೆ. ಅವತ್ತಿನಿಂದ ಪ್ರತಿಯೊಬ್ಬಳಿಗೂ ತನ್ನ ಸಾಲು ಮಾತ್ರ ಕಾಣುವ ಹಾಗೆ ಮಾಡಿದೆ. ನಿನಗೆ ಏಳರ ಗಾಡಿ ಖಾತ್ರಿ, ನಿನ್ನ ಷರತ್ತು ಪೂರೈಸಿದೆ, ಇಷ್ಟೆ. ಉಳಿದವರು ಎಲ್ಲಿ ಎಂದು ಕಾಣುವುದಿಲ್ಲ. ಗಾಡಿಯಲ್ಲಿ ಇದನ್ನು ಹೇಳಿದಾಗ ಬ್ಯಾಂಕಿನ ಹೆಣ್ಣುಮಗಳ ಮುಖ ಸಣ್ಣದಾಯಿತು. "ಹಂಗಾದ್ರ ಯಾರ ಅದಾರ, ಯಾರ ಇಲ್ಲ ಅಂತ ನಮಗ ತಿಳಿಯೂದಿಲ್ಲಲ್ರಿ," ಎಂದರು. ಅವರು ಗಾಡಿಯಲ್ಲಿ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಿಳಿಯಬಾರದು ಅಂತಲೇ ಮಾಡಿದ್ದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ವಾರ ಟೀಚರಳ ಗಂಡ ಸರ್ಕಲ್ಲಿನಲ್ಲಿ ಕಾಣಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಅವಳೂ ಆ ವಾರ ಎರಡು ದಿನವೂ ಐದಕ್ಕೇ ಬಂದಳು. ಮುಂದಿನ ಮಂಗಳವಾರ ಮತ್ತೆ ಏಳು ಎಂದು ಬರೆದಳು, ಮತ್ತೆ ಅದೇ ಷರತ್ತು.

ಬುಧವಾರ ಮುಂಜಾನೆ ಅವಳು ಗಾಡಿ ಹತ್ತಿ ನನ್ನ ಎದುರಿಗೇ ಕುಳಿತಳು. ಕಣ್ಣು ಉಬ್ಬಿದ್ದವು.

"ಮೇಡಮ್ಮಾರ, ನನ್ನ ಸಾಲು ನನಗಷ್ಟ ಕಾಣತೈತಿ ಅಂದ್ರಿ. ಹೌದಲ್ರಿ?"

"ಹೌದು."

"ಷರತ್ತ ಬರದದ್ದು?"

"ಅದು ಮೊದಲಿನಿಂದಲೂ ಯಾರಿಗೂ ಕಾಣೂದಿಲ್ಲ."

"ಯಾರಿಗೂ ಅಂದ್ರ?"

"ನನಗೊಬ್ಬಾಕಿಗೆ."

ಅವಳು ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡಳು. "ನಿನ್ನಿ ರಾತ್ರಿ ನಮ್ಮವರು ಕೇಳಿದ್ರು, ಆ ನರ್ಸ್ ಇದ್ರಷ್ಟ ಬರ್ತೀನಿ ಅಂತ ಷರತ್ತ ಹಾಕ್ತೀಯಂತಲ್ಲ, ಆಕಿ ನಿನಗ ಏನ ಆಗಬೇಕು ಅಂತ."

ಗಾಡಿಯಲ್ಲಿದ್ದವರೆಲ್ಲ ನನ್ನ ಕಡೆಗೆ ತಿರುಗಿದರು. ಬ್ಯಾಂಕಿನ ಹೆಣ್ಣುಮಗಳು ಕೂಡ. ಮೊಣಕಾಲುಗಳೆಲ್ಲ ಒಮ್ಮೆಲೇ ಹಿಂದೆ ಸರಿದ ಹಾಗಾಯಿತು. ಹೇಳಿಲ್ಲ ಎಂದು ಆಣೆ ಮಾಡಬಹುದಿತ್ತು. ಆದರೆ ಯಾರು ನಂಬುತ್ತಾರೆ? ಲೆಕ್ಕ ನನಗೇ ಸರಿಯಾಗಿ ಕಾಣುತ್ತಿತ್ತು. ಆ ಮಾತು ಹೊರಗೆ ಹೋಗಬೇಕೆಂದರೆ ನನ್ನ ಕಡೆಯಿಂದಲೇ ಹೋಗಬೇಕು.

ಹುಕ್ಕೇರಿಯಲ್ಲಿ ಇಳಿದೆ. ಕಾಲೇಜಿಗೆ ಹೋಗಿ ಎರಡು ತಾಸು ಪಾಠ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಆಮೇಲೆ ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸಿನಲ್ಲಿ ಗೋಕಾಕಕ್ಕೆ ಮರಳಿದೆ. ಮನೆಗೆ ಹೋಗಲಿಲ್ಲ. ಫೋನೂ ಮಾಡಲಿಲ್ಲ. ನೆಟ್ಟಗೆ ಅಂಗಡಿಗೆ ಹೋದೆ.

ಗಿರಾಕಿ ಇಲ್ಲದ ಹೊತ್ತು. ತೂಗುಹಾಕಿದ ಬಕೆಟ್ಟುಗಳ ಕೆಳಗೆ ಬಗ್ಗಿ ಒಳಗೆ ಕಾಲಿಟ್ಟೆ. ಕೌಂಟರಿನ ಒಳಗಿನ ಸ್ಟೂಲಿನ ಮೇಲೆ ಟೀಚರಳ ಗಂಡ ಕುಳಿತಿದ್ದ. ಕೈಯಲ್ಲಿ ಚಹಾದ ಕಪ್ಪು. ಅವನ ಎದುರಿಗೆ ಆ ಹಳೆಯ ಕಂಪ್ಯೂಟರು. ಪರದೆಯ ಮೇಲೆ ಅವತ್ತಿನ ಸಾಲುಗಳು, ಷರತ್ತುಗಳ ಸಮೇತ. ನಾನು ಒಳಗೆ ಸೇರಲು ಬಳಸುವ ನನ್ನ ಖಾತೆ ಅದರಲ್ಲಿ ಯಾವಾಗಲೂ ತೆರೆದೇ ಇರುತ್ತಿತ್ತು. ಯಾರು ಎಷ್ಟು ಸಲ ನೋಡಿದರೆಂದು ಹುಡುಕಿದಾಗ ನಾನು ನನ್ನ ಹೆಸರನ್ನೊಂದು ಬಿಟ್ಟು ಉಳಿದವರದನ್ನೆಲ್ಲ ನೋಡಿದ್ದೆ.

ಅವನು ಎದ್ದು ನಿಂತ. "ನಮಸ್ಕಾರ ಮೇಡಮ್. ಇವತ್ತ ಲಗೂ ಬಂದ್ರಿ?" ಎಂದ. ಕಪ್ಪನ್ನು ಕೌಂಟರಿನ ಮೇಲಿಟ್ಟು, ನನ್ನ ಗಂಡನಿಗೆ ತಲೆ ಅಲ್ಲಾಡಿಸಿ ಹೋದ. ಅವಸರವಿಲ್ಲ, ಗಾಬರಿಯಿಲ್ಲ. ಬಾಜೂದ ಸೊಸೈಟಿಯಲ್ಲಿ ಅವನ ನೌಕರಿ. ದಿನಾ ಚಹಾಕ್ಕೆ ನಮ್ಮ ಅಂಗಡಿಗೇ ಬರುತ್ತಿದ್ದನಂತೆ. ಅದು ನನಗೆ ಗೊತ್ತಿರಲಿಲ್ಲ.

"ಅವರು ಎಷ್ಟು ದಿನದಿಂದ ಇದನ್ನ ನೋಡಾಕತ್ತಾರ?" ಎಂದು ಗಂಡನನ್ನು ಕೇಳಿದೆ.

"ನೋಡೂದ ಏನ ಬಂತು? ಇವತ್ತ ನಮ್ಮಾಕಿ ಎಷ್ಟಕ್ಕ ಬರ್ತಾಳ್ರಿ ಅಂತ ಕೇಳ್ತಾನ. ನಾ ನೋಡಿ ಹೇಳ್ತೇನಿ. ಕಟ್ಟಿಕೊಂಡ ಗಂಡ ಅದಾನ, ಕಳ್ಳ ಅಲ್ಲಲ್ಲ."

"ಷರತ್ತು ಹಾಕಿದ್ದೂ ಹೇಳಿದ್ರೇನ್ರಿ?"

"ಪರದೆ ಮ್ಯಾಲ ಇತ್ತು, ಓದಿದ. ನಾ ಅವನ ಕಣ್ಣ ಮುಚ್ಚಬೇಕಿತ್ತೇನು?"

"ಅದು ನಂಬಿ ಬರದದ್ರಿ. ನನ್ನ ನಂಬಿ."

ಅವರು ಕೌಂಟರಿನ ಮೇಲಿನ ಚಹಾದ ಗುರುತನ್ನು ಬಟ್ಟೆಯಿಂದ ಒರೆಸಿದರು. ಬಹಳ ಸಮಾಧಾನದ ಮನುಷ್ಯ. ಮದುವೆಯಾದಂದಿನಿಂದ ನನ್ನ ಮೇಲೆ ದನಿ ಏರಿಸಿದವರಲ್ಲ. "ನಂಬಿಕಿ ಇದ್ದ ಮನ್ಯಾಗ ಮುಚ್ಚಿಡೂದು ಏನಿರತೈತಿ?" ಎಂದರು. ಆಮೇಲೆ, ಬಟ್ಟೆ ಮಡಚುತ್ತ, "ನಿಂದೂ ದಿನಾ ನೋಡ್ತೇನಿ. ಅವ್ವಗ ರೊಟ್ಟಿಗೆ ಯಾವಾಗ ಕೂಡಬೇಕು ಅಂತ ಹೇಳಾಕ ಬೇಕಾಕ್ಕೈತಲ್ಲ."

"ದಿನಾ?"

"ಹೂಂ. ಹೋದ ತಿಂಗಳ ಒಂದ ದಿನ ನೀ ಏಳಕ್ಕ ಅಂತ ಬರದಿದ್ದಿ. ಮನಿಗೆ ಬಂದು ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಿದ್ದಿತ್ತು ಅಂದಿ. ನಾ ಏನಾರ ಅಂದೆನೇನು?"

ನಾನು ಬಕೆಟ್ಟುಗಳ ನಡುವೆ ನಿಂತೇ ಇದ್ದೆ. ಅದು ನಿಜ. ಅವತ್ತು ಕಾಲೇಜಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳು ಕರೆದರೆಂದು ಸಂಕೇಶ್ವರಕ್ಕೆ ಹೋಗಿ, ಹೆದ್ದಾರಿಯ ಬದಿಯ ಖಾನಾವಳಿಯಲ್ಲಿ ದೀಪ ಹಚ್ಚಿದ ಮೇಲೆ ಕುಳಿತು ಮಿಸಳ್ ತಿಂದಿದ್ದೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುವಷ್ಟು ಖಾರ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ನಾನು ಏನನ್ನೂ ಬಾಯಿಗೆ ಹಾಕಿದವಳಲ್ಲ. ಅತ್ತೆಗೆ ಬೇಸರವಾಗುತ್ತದೆಂದು ಟ್ರ್ಯಾಕ್ಟರಿನ ಮೇಲೆ ಹಾಕಿದ್ದೆ. ಇವರಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಹೌದೇನು, ಬಹಳ ಹೊತ್ತ ನಿಂತಿತ್ತೇನು?" ಎಂದು ಕೂಡ ಕೇಳಿದ್ದರು. ಇನ್ನೂ ಏನೇನು ಗೊತ್ತಿದೆ, ಯಾವ್ಯಾವಾಗ ಸುಮ್ಮನಿದ್ದಾರೆ ಎಂದು ಲೆಕ್ಕ ಹಾಕತೊಡಗಿದೆ.

ಅಲ್ಲೇ ನಿಂತು ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಅಲ್ಲಿಂದ ಅಳಿಸಿದೆ. ಅವರು ತಡೆಯಲಿಲ್ಲ. ಒಬ್ಬ ಗಿರಾಕಿ ಬಂದು ಕುಕ್ಕರಿನ ರಬ್ಬರು ಕೇಳಿದ. ಅವರು ಅದನ್ನು ಹುಡುಕತೊಡಗಿದರು.

ಮರುದಿನ ಗಾಡಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಟೀಚರ್ ಮಾತ್ರ ಇರಲಿಲ್ಲ. ಆ ದಿನದಿಂದ ಅವಳ ಗಂಡನೇ ಬೈಕಿನ ಮೇಲೆ ಶಾಲೆಗೆ ಬಿಟ್ಟು ಬರತೊಡಗಿದ್ದ. ನನ್ನ ಮಾತು ಮುಗಿದಾಗ ನರ್ಸಬಾಯಿ, "ನಿಮ್ಮ ಮ್ಯಾಲ ಸಂಶಯ ಬಂದಿತ್ತು. ಸುಳ್ಳ ಯಾಕ ಹೇಳ್ಲಿ," ಎಂದರು. ಮುಂದಿನ ವಾರದಿಂದ ಬ್ಯಾಂಕಿನ ಹೆಣ್ಣುಮಗಳು ಗಾಡಿಗೆ ಬರುವುದನ್ನೇ ಬಿಟ್ಟರು.

ಟೀಚರ್ ಕೆಲವು ದಿನಗಳ ನಂತರ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿಕೊಂಡು, ಗಂಡ ಕರೆಯಲು ಬರುವ ಮುಂಚೆ ಬಸ್ಸು ಹಿಡಿದು ನನ್ನ ಕಾಲೇಜಿಗೇ ಬಂದಳು. ಸ್ಟಾಫ್ ರೂಮಿನಲ್ಲಿ ಬೇರೆಯವರಿದ್ದರು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು.

"ನಿಮಗೂ ನನ್ನ ಮ್ಯಾಲ ಏನೇನೋ ಅನ್ನಿಸಿರಬೇಕು," ಎಂದಳು. ನಾನು ಇಲ್ಲ ಎನ್ನಲಿಲ್ಲ.

ಅವಳ ತಂಗಿ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಸಂಕೇಶ್ವರದಲ್ಲಿದ್ದಳು. ಮಮದಾಪುರದ ತವರಿನವರು ಅವಳ ಹೆಸರು ಎತ್ತುವುದಿಲ್ಲ. ಗಂಡನ ಮನೆಯವರೂ ಆ ತಂಗಿಯ ಜೊತೆ ಮಾತು ಇಟ್ಟುಕೊಳ್ಳಬಾರದೆಂದು ಖಡಾಖಂಡಿತ ಹೇಳಿದ್ದರು. ತಂಗಿಗೆ ಹುಕ್ಕೇರಿಯಲ್ಲಿ ಹೆರಿಗೆಯಾಯಿತು. ಹೆರಿಗೆ ಮಾಡಿಸಿದವರು ನಮ್ಮ ನರ್ಸಬಾಯಿ.

"ಬಾಣಂತನ ಯಾರ ಮಾಡಬೇಕ್ರಿ ಆಕಿಗೆ? ಅವ್ವ ಬರಾಂಗಿಲ್ಲ, ಅತ್ತಿ ಇಲ್ಲ. ಕೂಸಿಗೆ ಎಣ್ಣಿ ಹಚ್ಚಿ ಎರಿಯಾಕ ಆಕಿಗೆ ಬರ್ತಿರಲಿಲ್ಲ. ವಾರಕ್ಕ ಎರಡ ದಿನ ನಾ ಹೋಗ್ತಿದ್ದೆ. ನರ್ಸಬಾಯಾರಿಗೆ ಡ್ಯೂಟಿ ಮುಗಿದಿರ್ತಿತ್ತು. ನನ್ನ ಸಲುವಾಗಿ ಮೂರ ತಾಸ ಆಸ್ಪತ್ರ್ಯಾಗ ಕುಂದರ್ತಿದ್ರು. ಒಬ್ಬಾಕಿನ ಕತ್ತಲದಾಗ ಬರೂದ ಬ್ಯಾಡ ಅಂತ."

"ಈಗ ನಿಮ್ಮವರಿಗೆ ಗೊತ್ತಾತೇನು?"

"ಬೈಕಿನ ಮ್ಯಾಲ ಬಿಡಾಕ ಹತ್ತಿದ ಮರುದಿನ, ಶುಕ್ರವಾರ, ನಾ ಶಾಲಿ ಬಿಟ್ಟ ಮ್ಯಾಲ ತಂಗಿ ಮನಿಗೆ ಹೊಂಟಾಗ ಬೆನ್ನ ಹತ್ತಿ ಬಂದಿದ್ರು. ಬಾಗಲಾ ಬಡದ್ರು. ನಾ ತೆಗದೆ, ಕೈ ತುಂಬ ಎಣ್ಣಿ. ಒಳಗ ಬಂದು ಸುತ್ತಲೂ ನೋಡಿದ್ರು. ಅಡಗಿ ಮನಿಗೂ ಹೋಗಿ ನೋಡಿದ್ರು. ಕೂಸು ಚೀರಾಕತ್ತಿತ್ತು. ತಂಗಿ ನೀರ ಕೊಟ್ಲು. ನಿಂತ ಕುಡದ್ರು." ಅವಳು ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. "ಅಡಗಿ ಮನ್ಯಾಗ ಯಾರನ್ನ ಹುಡುಕಿದ್ರು ಅಂತ ನನಗ ಗೊತ್ತೈತ್ರಿ. ಅದನ್ನ ಮರಿಯಾಕ ಆಗವಲ್ದು."

ತಂಗಿಯ ವಿಷಯವನ್ನು ಅವನು ತನ್ನ ತಾಯಿಗೆ ಹೇಳಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ, ಆದರೆ ಆ ಮಾತನ್ನು ಆಗಾಗ ನೆನಪಿಸುತ್ತಾನೆ ಎಂದಳು. ದಿನವೂ ಬಿಟ್ಟು ಕರೆತರುವುದು ಅವನಿಂದ ಬಹಳ ದಿನ ಆಗಲಿಲ್ಲ. ಸೊಸೈಟಿಯಲ್ಲಿ ರಜೆ ಸಿಗದಾಯಿತು. ಸೀಜನ್ ಮುಗಿಯುವ ಹೊತ್ತಿಗೆ ಅವಳು ಗಾಡಿಗೆ ಮರಳಿ ಬಂದಳು.

ಅಷ್ಟರಲ್ಲಿ ನಾನು ಡೇಟಾಬೇಸನ್ನು ಇಂಟರ್ನೆಟ್ಟಿನ ಬಾಡಿಗೆಯ ಜಾಗಕ್ಕೆ ಸಾಗಿಸಿದ್ದೆ, ಯಾರ ಅಂಗಡಿಯಲ್ಲೂ ಇರದ ಹಾಗೆ. ಷರತ್ತುಗಳು ಈಗ ನನಗೂ ಕಾಣುವುದಿಲ್ಲ. ಗಂಟು ಬಿಡಿಸಲಾಗದಿದ್ದರೆ ಗಂಟಿನಲ್ಲಿದ್ದವರನ್ನೇ ಅದು ಕೇಳುತ್ತದೆ. ಕೆಲಸದ ದೃಷ್ಟಿಯಿಂದ ನೋಡಿದರೆ ಮೊದಲಿಗಿಂತ ಅಚ್ಚುಕಟ್ಟು. ಟೀಚರಳಿಗೆ ಎಲ್ಲ ವಿವರಿಸಿ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು, ಎರಡು ಪ್ರಶ್ನೆಯನ್ನೂ ಕೇಳಿದಳು. ಆದರೆ ಅದರಲ್ಲಿ ಮತ್ತೆ ಒಂದು ಸಾಲನ್ನೂ ಬರೆಯಲಿಲ್ಲ. ಈಗಲೂ ನೆಟ್ಟಗೆ ಡ್ರೈವರನಿಗೆ ಫೋನ್ ಮಾಡುತ್ತಾಳೆ. ಅವನು ಅವಳ ಹೆಸರನ್ನು ಯಾರ ಮುಂದೆಯೂ ಹೇಳುವುದಿಲ್ಲ.

ಮನೆಯಲ್ಲಿ ನಾನೂ ಗಂಡನೂ ಆ ವಿಷಯ ಮತ್ತೆ ಎತ್ತಲಿಲ್ಲ. ಅವರು ಮೊದಲಿನ ಹಾಗೇ ಇದ್ದಾರೆ. ಮಧ್ಯಾಹ್ನ ಫೋನ್ ಮಾಡಿ ಎಷ್ಟಕ್ಕೆ ಬರುತ್ತಿ ಎಂದು ಕೇಳುತ್ತಾರೆ, ಅವ್ವ ರೊಟ್ಟಿಗೆ ಕೂಡಬೇಕು ಎನ್ನುತ್ತಾರೆ. ಅದು ರೊಟ್ಟಿಗಾಗಿಯೇ ಇರಬಹುದು. ನಾನು ಹೇಳುತ್ತೇನೆ. ಹೇಳಿದ ಮೇಲೆ, ಇದು ಇವರಿಗೆ ಮೊದಲೇ ಬೇರೆ ಯಾರಿಂದಲೋ ಗೊತ್ತಿತ್ತೇ ಎಂದು ಅವರ ದನಿಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಕೇಳಿಕೊಳ್ಳುತ್ತೇನೆ.

ಬೇಸಿಗೆಯ ರಜೆಯಲ್ಲಿ ಒಂದು ದಿನ ಸಂಕೇಶ್ವರಕ್ಕೆ ಹೋದಾಗ ಬ್ಯಾಂಕಿಗೂ ಹೋದೆ. ಆ ಹೆಣ್ಣುಮಗಳು ಡಬ್ಬಿ ತೊಳೆಯಲು ಹೊರಗಿನ ನಲ್ಲಿಯ ಹತ್ತಿರ ಬಂದಿದ್ದರು. ಅಲ್ಲೇ ನಿಂತು ಮಾತಾಡಿದೆವು. ನೀವು ಯೋಜನೆಯನ್ನು ಅಷ್ಟು ಸಲ ತೆಗೆದು ನೋಡುತ್ತಿದ್ದುದಕ್ಕೆ ನಿಮ್ಮ ಮೇಲೆ ಸಂಶಯಪಟ್ಟೆ ಎಂದು ಹೇಳಿದೆ.

"ಗೊತ್ತಿತ್ರಿ," ಎಂದರು ಅವರು, ಡಬ್ಬಿಯ ನೀರು ಚೆಲ್ಲುತ್ತ. "ಆ ಸೇತುವಿ ಮ್ಯಾಲ ನಿಂತ ದಿನದಿಂದ ನನಗ ಒಂದ ಅಂಜಿಕಿ. ಇನ್ನೂ ನನ್ನ ಹೆಸರ ಐತೋ ಇಲ್ಲೋ ಅಂತ ಘಳಿಗಿಗೊಮ್ಮೆ ನೋಡ್ತಿದ್ದೆ. ನೀವು ನನ್ನ ಮ್ಯಾಲ ಸಂಶಯ ಪಟ್ರಿ. ನಾ ಮೊದಲಿಂದ ನಿಮ್ಮ ಮ್ಯಾಲ ಪಟ್ಟಿದ್ದೆ."

"ನನ್ನ ಮ್ಯಾಲ ಯಾಕ್ರಿ?"

"ಎಲ್ಲಾರದೂ ಒಬ್ಬರಿಗೇ ಕಾಣತೈತಿ ಅಂದ್ರ ಮತ್ತ ಯಾರ ಮ್ಯಾಲ ಪಡಬೇಕ್ರಿ?"

ಇಬ್ಬರಿಗೂ ನಗು ಬಂತು, ಅರ್ಧದಷ್ಟು. ಗಾಡಿಗೆ ಮರಳಿ ಬನ್ನಿ ಎಂದೆ. ಅವರು ತಲೆ ಅಲ್ಲಾಡಿಸಿದರು. "ಬಸ್ಸಿನ್ಯಾಗ ಆರಾಮ ಇರ್ತೇನ್ರಿ. ನಿಂತ ಬರ್ತೇನಿ ಖರೆ, ಯಾರೂ ಯಾರನ್ನೂ ಕೇಳೂದಿಲ್ಲ." ಡಬ್ಬಿಗೆ ಮುಚ್ಚಳ ಹಾಕಿ, "ಚಹಾ ಕುಡದ ಹೋಗ್ರಿ," ಎಂದು ಒಳಗೆ ಕರೆದುಕೊಂಡು ಹೋದರು.